ದಿ ಆಗನಿ ಅಂಡ್ ದಿ ಎಕ್ಸ್‌ಟಸಿ (1965ರ ಚಲನಚಿತ್ರ)

ದಿ ಆಗನಿ ಅಂಡ್ ದಿ ಎಕ್ಸ್‌ಟಸಿ 1965ರಲ್ಲಿ ತೆರೆಕಂಡ ಇಂಗ್ಲಿಷ್ ಭಾಷೆಯ ಐತಿಹಾಸಿಕ ಚಲನಚಿತ್ರ. ಶೀರ್ಷಿಕೆಯನ್ನು ಕನ್ನಡದಲ್ಲಿ 'ಯಾತನೆ ಮತ್ತು ಪರಮಾನಂದ' ಎನ್ನಬಹುದು. ಇಟಲಿಯ ಪುನರುಜ್ಜೀವನ ಕಾಲದ ಶಿಲ್ಪಿ ಮೈಕೆಲೇಂಜೆಲೊ ಬುವೊನಾರೊಟಿ ಮತ್ತು ಅವನಿಗೆ ಕೆಲಸ ಒಪ್ಪಿಸಿದ ಪೋಪ್ ಎರಡನೆಯ ಜೂಲಿಯಸ್ ಇವರಿಬ್ಬರ ನಡುವಣ ಸಂಘರ್ಷ ಇದರ ವಸ್ತು. ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲಿನ ಚಾವಣಿಗೆ ಚಿತ್ರ ಬರೆಯಲಾದ 1508ರಿಂದ 1512ರವರೆಗಿನ ಅವಧಿಯನ್ನು ಚಿತ್ರವು ಆಯ್ದುಕೊಂಡಿದೆ. ಕ್ಯಾರಲ್ ರೀಡ್ ಇದರ ನಿರ್ದೇಶಕರೂ ನಿರ್ಮಾಪಕರೂ ಹೌದು. ಮೈಕೆಲೇಂಜೆಲೊ ಆಗಿ ಚಾರ್ಲ್‌ಟನ್ ಹೆಸ್ಟನ್, ಪೋಪ್ ಆಗಿ ರೆಕ್ಸ್ ಹ್ಯಾರಿಸನ್ ನಟಿಸಿದ್ದಾರೆ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಇದನ್ನು ವಿತರಿಸಿತು.

ಆಧಾರ ಕೃತಿ

ಅಮೆರಿಕದ ಲೇಖಕ ಅರ್ವಿಂಗ್ ಸ್ಟೋನ್ 1961ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿ ಚಿತ್ರಕ್ಕೆ ಆಧಾರ. ಕಲಾವಿದರ ಜೀವನವನ್ನು ಕಾದಂಬರಿಯ ರೂಪದಲ್ಲಿ ಹೇಳುವುದರಲ್ಲಿ ಸ್ಟೋನ್ ಹೆಸರಾದವರು. ವ್ಯಾನ್ ಗೋ ಕುರಿತು ಅವರು 1934ರಲ್ಲಿ ಬರೆದ 'ಲಸ್ಟ್ ಫಾರ್ ಲೈಫ್' ಕೂಡ 1956ರಲ್ಲಿ ಚಲನಚಿತ್ರವಾಗಿತ್ತು. ಮೈಕೆಲೇಂಜೆಲೊ ಕುರಿತ ಕಾದಂಬರಿಯು ಅವನ ಬಾಲ್ಯದಿಂದ ಮರಣದವರೆಗೆ, ಅಂದರೆ ಸುಮಾರು ಎಂಟು ದಶಕಗಳಿಗೂ ಮೀರಿದ ಬದುಕನ್ನು ಹರಡಿಕೊಂಡಿರುವ ದೊಡ್ಡ ಗ್ರಂಥ. ಚಿತ್ರಕಥೆ ಬರೆದ ಫಿಲಿಪ್ ಡನ್ ಅದರಿಂದ ಒಂದೇ ಘಟ್ಟವನ್ನು ಬೇರ್ಪಡಿಸಿದರು. ದಾವಿದನ ಶಿಲ್ಪವಾಗಲಿ, ಮುಪ್ಪಿನಲ್ಲಿ ಕೈಗೊಂಡ ಸಂತ ಪೀಟರ್ ದೇವಾಲಯದ ಗುಮ್ಮಟವಾಗಲಿ ಕಥೆಯೊಳಗೆ ಬರುವುದಿಲ್ಲ. ಇಬ್ಬರು ಹಟಮಾರಿಗಳು, ಅವರ ನಡುವೆ ಒಂದು ಚಾವಣಿ. ಡನ್ ಕಥೆಯನ್ನು ಇಷ್ಟಕ್ಕೆ ಇಳಿಸಿದ್ದು ಚಿತ್ರದ ಶಕ್ತಿಯೂ ಹೌದು, ಮಿತಿಯೂ ಹೌದು.

ಕಥಾಸಾರ

ಚಿತ್ರವು ಕಥೆಯಿಂದ ಆರಂಭವಾಗುವುದಿಲ್ಲ. ಮೊದಲ ಹನ್ನೆರಡು ನಿಮಿಷಗಳಷ್ಟು ಕಾಲ ಮೈಕೆಲೇಂಜೆಲೊನ ಶಿಲ್ಪಗಳನ್ನು ಪರಿಚಯಿಸುವ ಸಾಕ್ಷ್ಯಚಿತ್ರವೊಂದು ಬರುತ್ತದೆ. ಅದು ಮುಗಿದ ಮೇಲೆ ಪ್ರೇಕ್ಷಕರು ಹದಿನಾರನೆಯ ಶತಮಾನದ ಆರಂಭದ ಇಟಲಿಯನ್ನು ಪ್ರವೇಶಿಸುತ್ತಾರೆ. ಕವಚ ತೊಟ್ಟು ಸೈನ್ಯ ನಡೆಸುವ ಯೋಧನೇ ಧರ್ಮಗುರು ಜೂಲಿಯಸ್ ಎಂಬುದನ್ನು ಆರಂಭದ ಯುದ್ಧದೃಶ್ಯ ತೋರಿಸುತ್ತದೆ.

ರೋಮ್‌ನಲ್ಲಿ ಮೈಕೆಲೇಂಜೆಲೊ ಪೋಪನ ಸಮಾಧಿಗಾಗಿ ಶಿಲ್ಪಗಳನ್ನು ಕೆತ್ತುವ ಕೆಲಸದಲ್ಲಿ ತೊಡಗಿರುತ್ತಾನೆ. ಜೂಲಿಯಸ್ ಆ ಕೆಲಸವನ್ನು ನಿಲ್ಲಿಸಿ, ಸಿಸ್ಟೈನ್ ಚಾಪೆಲಿನ ಚಾವಣಿಯ ಮೇಲೆ ಹನ್ನೆರಡು ಮಂದಿ ಅಪೊಸ್ತಲರನ್ನು ಚಿತ್ರಿಸಬೇಕೆಂದು ಆಜ್ಞಾಪಿಸುತ್ತಾನೆ. ತಾನು ಶಿಲ್ಪಿಯೇ ಹೊರತು ಚಿತ್ರಕಾರನಲ್ಲ ಎಂಬ ಮೈಕೆಲೇಂಜೆಲೊನ ವಾದಕ್ಕೆ ಬೆಲೆ ಸಿಗುವುದಿಲ್ಲ. ಒಲ್ಲದ ಮನಸ್ಸಿನಿಂದ ಆರಂಭಿಸಿದ ಚಿತ್ರಗಳು ಅವನಿಗೇ ಹಿಡಿಸುವುದಿಲ್ಲ. ಒಂದು ಸಂಜೆ ಹೋಟೆಲಿನಲ್ಲಿ ಹುಳಿಯಾದ ದ್ರಾಕ್ಷಾರಸವನ್ನು ಚೆಲ್ಲಿಬಿಡುವ ಮಾತು ಕೇಳಿದವನೇ ಚಾಪೆಲಿಗೆ ಮರಳಿ, ಆವರೆಗೆ ಬರೆದದ್ದನ್ನೆಲ್ಲ ಅಳಿಸಿ ಹಾಕಿ, ಕರಾರದ ಅಮೃತಶಿಲೆಯ ಗಣಿಗಳಿಗೆ ಓಡಿಹೋಗುತ್ತಾನೆ. ಪೋಪನ ಸೈನಿಕರು ಬೆನ್ನಟ್ಟುತ್ತಾರೆ. ಬೆಟ್ಟದ ನೆತ್ತಿಯಲ್ಲಿ, ಬೆಳಗಿನ ಮೋಡಗಳ ನಡುವೆ, ಸೃಷ್ಟಿಯ ಮಹಾದೃಶ್ಯ ಅವನ ಕಣ್ಣಿಗೆ ಮೂಡುತ್ತದೆ. ತಾನು ಏನನ್ನು ಬರೆಯಬೇಕೆಂಬುದು ಆಗ ಅವನಿಗೆ ಹೊಳೆಯುತ್ತದೆ. ಹೊಸ ನಕ್ಷೆಗಳನ್ನು ಹಿಡಿದು ಅವನು ನೇರವಾಗಿ ರಣರಂಗಕ್ಕೆ ಹೋಗಿ, ತೋಪಿನ ಗುಂಡುಗಳು ಬೀಳುತ್ತಿರುವಾಗಲೇ ಅವುಗಳನ್ನು ಪೋಪನ ಮುಂದೆ ಹರಡುತ್ತಾನೆ.

ಮುಂದಿನ ಭಾಗವೆಲ್ಲ ದುಡಿಮೆಯ ಕಥೆ. ಸಾರುವೆಯ ಮೇಲೆ ಕಲಾವಿದ ಚಿತ್ರ ಬರೆಯುತ್ತಿದ್ದರೆ ಕೆಳಗೆ ಪೂಜಾವಿಧಿ ನಡೆಯುತ್ತಿರುತ್ತದೆ. ಎಂದು ಮುಗಿಯುತ್ತದೆ ಎಂದು ಪೋಪ್ ಕೆಳಗಿನಿಂದ ಕೂಗಿ ಕೇಳುತ್ತಾನೆ. ಮುಗಿದಾಗ ಮುಗಿಯುತ್ತದೆ ಎಂಬರ್ಥದ ಉತ್ತರ ಮೇಲಿನಿಂದ ಬರುತ್ತದೆ. ಈ ಪ್ರಶ್ನೋತ್ತರ ಚಿತ್ರದುದ್ದಕ್ಕೂ ಮರುಕಳಿಸುತ್ತದೆ. ದಣಿವಿನಿಂದ ಮೈಕೆಲೇಂಜೆಲೊ ಕುಸಿದು ಬೀಳುತ್ತಾನೆ; ಕಾಂಟೆಸಿನಾ ದೆ ಮೆದಿಚಿ ಅವನ ಆರೈಕೆ ಮಾಡುತ್ತಾಳೆ. ಉಳಿದ ಕೆಲಸವನ್ನು ರಾಫೆಲನಿಗೆ ಒಪ್ಪಿಸುವ ಬೆದರಿಕೆಯೊಡ್ಡಿ ಜೂಲಿಯಸ್ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಾನೆ. ಜಗಳ ತೀವ್ರವಾದಾಗ ಪೋಪ್ ತನ್ನ ಕೋಲಿನಿಂದ ಕಲಾವಿದನನ್ನು ಹೊಡೆಯುವುದೂ ಉಂಟು. ಯುದ್ಧದಲ್ಲಿ ಸೋತು, ರೋಗದಿಂದ ಜರ್ಝರಿತನಾದ ಜೂಲಿಯಸ್ ಒಂದು ರಾತ್ರಿ ಆದಾಮನ ಚಿತ್ರವನ್ನು ನೋಡುತ್ತ, ಮನುಷ್ಯ ನಿಜಕ್ಕೂ ಇಷ್ಟು ನಿರ್ಮಲನೇ ಎಂದು ಕಲಾವಿದನೊಂದಿಗೆ ಚರ್ಚಿಸುವ ದೃಶ್ಯ ಇಡೀ ಚಿತ್ರದಲ್ಲಿ ಅತ್ಯಂತ ಶಾಂತವಾದದ್ದು. ಪೋಪ್ ಮರಣಶಯ್ಯೆಯಲ್ಲಿದ್ದಾನೆಂದು ಎಲ್ಲರೂ ನಂಬಿದಾಗ ಮೈಕೆಲೇಂಜೆಲೊ ಹಳೆಯ ತಂತ್ರವನ್ನು ತಿರುಗಿಸಿ ಬಳಸುತ್ತಾನೆ: ಕೆಲಸ ಬಿಟ್ಟು ಹೋಗುತ್ತೇನೆಂದು ಕೆಣಕಿ ಅವನನ್ನು ಬದುಕಿಗೆ ಮರಳಿಸುತ್ತಾನೆ. ಚಾವಣಿ ಅನಾವರಣಗೊಂಡ ನಂತರ ಶಿಲ್ಪಿಗೆ ಮತ್ತೆ ಸಮಾಧಿಯ ಕೆಲಸಕ್ಕೆ ಅನುಮತಿ ದೊರೆಯುತ್ತದೆ.

ಪಾತ್ರಗಳು ಮತ್ತು ಅಭಿನಯ

ಹೆಸ್ಟನ್ ಆ ವೇಳೆಗೆ 'ದಿ ಟೆನ್ ಕಮಾಂಡ್‌ಮೆಂಟ್ಸ್' (1956) ಚಿತ್ರದ ಮೋಸೆಸ್ ಆಗಿ, 'ಬೆನ್-ಹರ್' (1959) ಚಿತ್ರಕ್ಕೆ ಆಸ್ಕರ್ ಪಡೆದ ನಟನಾಗಿ ಲೋಕಪ್ರಸಿದ್ಧರಾಗಿದ್ದರು. ಭವ್ಯ ಐತಿಹಾಸಿಕ ಪಾತ್ರಗಳಿಗೆ ಅವರೇ ಬೇಕೆನ್ನುವ ಕಾಲವದು. ಮೈಕೆಲೇಂಜೆಲೊನನ್ನು ಅವರು ಮಾತು ಕಡಿಮೆಯ, ಒರಟು, ತನ್ನ ಮೇಲೆಯೇ ಸಿಟ್ಟಾಗಿರುವ ಕೆಲಸಗಾರನಾಗಿ ಕಟ್ಟಿದ್ದಾರೆ. ಹ್ಯಾರಿಸನ್ ಅವರದ್ದು ಇದಕ್ಕೆ ತದ್ವಿರುದ್ಧವಾದ ದಾರಿ: ವ್ಯಂಗ್ಯ, ಚುರುಕು, ಮಾತಿನ ನಡುವೆ ಹಠಾತ್ತನೆ ಇಣುಕುವ ದಣಿವು. 'ಮೈ ಫೇರ್ ಲೇಡಿ' (1964) ಚಿತ್ರಕ್ಕೆ ಆಸ್ಕರ್ ಪಡೆದ ವರ್ಷವೇ ಈ ಚಿತ್ರವೂ ಬಿಡುಗಡೆಯಾಯಿತು. ಇಬ್ಬರೂ ಒಟ್ಟಿಗೆ ಇರುವ ದೃಶ್ಯಗಳಲ್ಲಿ ನೋಡುಗರ ಗಮನ ಹೆಚ್ಚಾಗಿ ಪೋಪನ ಕಡೆಗೇ ವಾಲುತ್ತದೆ.

ಡಯೇನ್ ಸಿಲೆಂಟೊ (ಕಾಂಟೆಸಿನಾ), ಹ್ಯಾರಿ ಆಂಡ್ರೂಸ್ (ವಾಸ್ತುಶಿಲ್ಪಿ ಬ್ರಮಾಂಟೆ), ಅಡೋಲ್ಫೊ ಚೆಲಿ (ಮುಂದೆ ಪೋಪ್ ಹತ್ತನೆಯ ಲಿಯೊ ಆದ ಜೊವಾನಿ ದೆ ಮೆದಿಚಿ), ಆಲ್ಬರ್ಟೊ ಲುಪೊ (ಉರ್ಬಿನೊದ ಡ್ಯೂಕ್) ಮತ್ತು ಟೊಮಾಸ್ ಮಿಲಿಯನ್ (ರಾಫೆಲ್) ಇತರ ಮುಖ್ಯ ಪಾತ್ರಗಳಲ್ಲಿದ್ದಾರೆ.

ನಿರ್ಮಾಣ

ಚಿತ್ರೀಕರಣ 1964ರಲ್ಲಿ ಇಟಲಿಯಲ್ಲಿ ನಡೆಯಿತು. ಮೂಲ ಚಾಪೆಲಿನಲ್ಲಿ ಈ ಕಥೆಯನ್ನು ಚಿತ್ರೀಕರಿಸುವುದು ಅಸಾಧ್ಯವಾಗಿತ್ತು. ಕಥೆ ನಡೆಯಬೇಕಾದರೆ ಚಾವಣಿ ಮೊದಲು ಖಾಲಿಯಿರಬೇಕು, ಅನಂತರ ಸ್ವಲ್ಪ ಸ್ವಲ್ಪವೇ ತುಂಬುತ್ತ ಬರಬೇಕು. ಆದ್ದರಿಂದ ರೋಮ್ ಸಮೀಪದ ಡಿನೊ ಡಿ ಲಾರೆಂಟಿಸ್ ಸ್ಟುಡಿಯೊದಲ್ಲಿ ಚಾಪೆಲಿನ ಒಳಾಂಗಣದ ಪ್ರತಿಕೃತಿಯನ್ನು ನಿಲ್ಲಿಸಿ, ಛಾಯಾಚಿತ್ರಗಳ ನೆರವಿನಿಂದ ಭಿತ್ತಿಚಿತ್ರಗಳನ್ನು ಮರುರೂಪಿಸಲಾಯಿತು. ಜಾನ್ ಡಿಕ್ಯೂರ್ ಮತ್ತು ಜಾಕ್ ಮಾರ್ಟಿನ್ ಸ್ಮಿತ್ ಕಲಾನಿರ್ದೇಶಕರಾಗಿದ್ದರು. ವಿಟ್ಟೋರಿಯೊ ನಿನೊ ನೊವಾರೆಸೆ ವಸ್ತ್ರವಿನ್ಯಾಸ ಮಾಡಿದರು. ಹೊರಾಂಗಣ ದೃಶ್ಯಗಳಲ್ಲಿ ಕರಾರದ ಬಿಳಿಯ ಗಣಿಗಳು ಎದ್ದುಕಾಣುತ್ತವೆ.

ಲಿಯಾನ್ ಶಾಮ್ರಾಯ್ ಅವರ ಛಾಯಾಗ್ರಹಣ 70 ಮಿ.ಮೀ. ಫಿಲ್ಮಿನ ಟಾಡ್-ಎಓ ಪದ್ಧತಿಯದು. ಅಗಲವಾದ ಈ ಪರದೆ ಯುದ್ಧಕ್ಕೂ ಮೆರವಣಿಗೆಗೂ ಹೇಳಿ ಮಾಡಿಸಿದ್ದು. ಉದ್ದನೆಯ ಚಾವಣಿಯನ್ನು ಒಮ್ಮೆಗೇ ಹಿಡಿಯುವುದಕ್ಕೂ ಅದು ಒದಗಿಬಂತು. ಮುಖ್ಯ ಕಥಾಭಾಗಕ್ಕೆ ಅಲೆಕ್ಸ್ ನಾರ್ತ್ ಸಂಗೀತ ನೀಡಿದರೆ, ಆರಂಭದ ಸಾಕ್ಷ್ಯಚಿತ್ರಕ್ಕೆ ಜೆರಿ ಗೋಲ್ಡ್‌ಸ್ಮಿತ್ ಸಂಗೀತ ರಚಿಸಿದರು. ನಿರ್ಮಾಣಕ್ಕೆ ಸುಮಾರು 70 ಲಕ್ಷ ಡಾಲರ್ ವೆಚ್ಚವಾಯಿತು. ಚಿತ್ರದ ಅವಧಿ 138 ನಿಮಿಷ.

ಇತಿಹಾಸ ಮತ್ತು ಚಿತ್ರ

ಚಿತ್ರವನ್ನು ನೋಡಿ ಇತಿಹಾಸ ಕಲಿಯುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮುಖ್ಯ ಸಂಗತಿಗಳು ನಿಜವಾದರೂ ಅವುಗಳ ಕ್ರಮ ಬದಲಾಗಿದೆ.

ಜೂಲಿಯಸ್ 1503ರಿಂದ 1513ರವರೆಗೆ ಪೋಪ್ ಆಗಿದ್ದನು. ಸಿಸ್ಟೈನ್ ಚಾಪೆಲನ್ನು ಕಟ್ಟಿಸಿದ ನಾಲ್ಕನೆಯ ಸಿಕ್ಸ್‌ಟಸ್ ಅವನ ದೊಡ್ಡಪ್ಪನಾಗಿದ್ದ. ಚಾಪೆಲಿನ ಹೆಸರು ಬಂದಿರುವುದು ಅವನಿಂದಲೇ. 1505ರಲ್ಲಿ ಜೂಲಿಯಸ್ ತನ್ನ ಸಮಾಧಿಯ ಕೆಲಸವನ್ನು ಮೈಕೆಲೇಂಜೆಲೊನಿಗೆ ವಹಿಸಿದ. ಶಿಲ್ಪಿ ಕರಾರದಲ್ಲಿ ಎಂಟು ತಿಂಗಳಿಗೂ ಹೆಚ್ಚು ಕಾಲ ನಿಂತು ಕಲ್ಲು ಆರಿಸಿ ರೋಮ್‌ಗೆ ಸಾಗಿಸಿದ. ಅಷ್ಟರಲ್ಲಿ ಪೋಪನ ಆಸಕ್ತಿ ಹೊಸ ಸಂತ ಪೀಟರ್ ದೇವಾಲಯದತ್ತ ತಿರುಗಿತ್ತು. ಕಲ್ಲಿನ ಹಣವೂ ದೊರೆಯದೆ, ಅರಮನೆಯ ಬಾಗಿಲಲ್ಲಿ ಪ್ರವೇಶವೂ ಸಿಗದೆ ಅವಮಾನಗೊಂಡ ಮೈಕೆಲೇಂಜೆಲೊ 1506ರ ಏಪ್ರಿಲ್‌ನಲ್ಲಿ, ದೇವಾಲಯದ ಶಂಕುಸ್ಥಾಪನೆಯ ಹಿಂದಿನ ದಿನ, ರೋಮ್ ತೊರೆದು ಫ್ಲಾರೆನ್ಸಿನ ಕಡೆ ಹೊರಟನು. ಪೋಪನ ಸವಾರರು ಅವನನ್ನು ಮುಟ್ಟುವ ಹೊತ್ತಿಗೆ ಅವನು ಫ್ಲಾರೆನ್ಸಿನ ಗಡಿಯೊಳಗೆ ಸೇರಿಯಾಗಿತ್ತು. ಅಂದರೆ ಪ್ರಸಿದ್ಧವಾದ ಪಲಾಯನ ನಡೆದದ್ದು ಚಾವಣಿಯ ಕೆಲಸ ಆರಂಭವಾಗುವುದಕ್ಕೆ ಎರಡು ವರ್ಷ ಮೊದಲು, ಮತ್ತು ಸಮಾಧಿಯ ಕಾರಣಕ್ಕೆ. ಚಿತ್ರವು ಅದನ್ನು ಚಾವಣಿಯ ಕಥೆಗೆ ಜೋಡಿಸಿಕೊಂಡಿದೆ. ಮೋಡಗಳಲ್ಲಿ ಸೃಷ್ಟಿ ಕಾಣಿಸಿಕೊಳ್ಳುವ ಪ್ರಸಂಗ ಕೇವಲ ಕಲ್ಪನೆ.

ಇವರಿಬ್ಬರ ರಾಜಿಯೂ ಚಿತ್ರದಲ್ಲಿರುವಂತೆ ರಣರಂಗದಲ್ಲಿ ಆಗಲಿಲ್ಲ. 1506ರ ನವೆಂಬರ್‌ನಲ್ಲಿ ಬೊಲೊನ್ಯಾ ನಗರವನ್ನು ವಶಪಡಿಸಿಕೊಂಡಿದ್ದ ಜೂಲಿಯಸ್‌ನ ಮುಂದೆ ಮೈಕೆಲೇಂಜೆಲೊ ಕ್ಷಮೆ ಕೇಳಬೇಕಾಯಿತು. ಅಲ್ಲಿ ಪೋಪನ ದೊಡ್ಡ ಕಂಚಿನ ಪ್ರತಿಮೆಯನ್ನು ಎರಕ ಹೊಯ್ಯುವ ಕೆಲಸ ಅವನ ಪಾಲಿಗೆ ಬಂತು. ಪ್ರತಿಮೆಯ ಎಡಗೈಯಲ್ಲಿ ಪುಸ್ತಕವಿಡಲೇ ಎಂದು ಕೇಳಿದಾಗ, ತಾನು ಓದುಬರಹದವನಲ್ಲ, ಕತ್ತಿಯಿಡು ಎಂದು ಪೋಪ್ ಹೇಳಿದನೆಂದು ಆ ಕಾಲದ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. 1511ರಲ್ಲಿ ಬೊಲೊನ್ಯಾ ಕೈತಪ್ಪಿದಾಗ ಜನ ಆ ಪ್ರತಿಮೆಯನ್ನು ಉರುಳಿಸಿದರು. ಅದರ ಕಂಚು ತೋಪಾಯಿತು, ತೋಪಿಗೆ 'ಲಾ ಜೂಲಿಯಾ' ಎಂಬ ಹೆಸರೂ ಬಂತು. ಪೋಷಕ ಮತ್ತು ಕಲಾವಿದನ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಬಿಂಬಿಸುವ ಪ್ರಸಂಗ ಸಿಗುವುದು ಕಷ್ಟ. ಚಿತ್ರಕಥೆ ಇದನ್ನು ಬಿಟ್ಟಿರುವುದು ಆಶ್ಚರ್ಯದ ಸಂಗತಿ.

ಚಾವಣಿಯ ಕೆಲಸಕ್ಕೆ ಮೊದಲ ಕಂತಿನ ಹಣ 1508ರ ಮೇ ತಿಂಗಳಲ್ಲಿ ಸಂದಾಯವಾಯಿತು. ಅದುವರೆಗೆ ಅಲ್ಲಿ ನೀಲಿಯ ಹಿನ್ನೆಲೆಯಲ್ಲಿ ಚಿನ್ನದ ನಕ್ಷತ್ರಗಳನ್ನು ಬಿಡಿಸಲಾಗಿತ್ತು. ಮೊದಲ ಯೋಜನೆ ಹನ್ನೆರಡು ಅಪೊಸ್ತಲರದೇ ಆಗಿತ್ತು. ಅದು ಬಡ ಯೋಜನೆಯಾದೀತೆಂದು ತಾನೇ ಪೋಪನಿಗೆ ಹೇಳಿದ್ದಾಗಿ ಮೈಕೆಲೇಂಜೆಲೊ ಮುಂದೆ ಪತ್ರವೊಂದರಲ್ಲಿ ತಿಳಿಸಿದ್ದಾನೆ. ಹೀಗೆ ಯೋಜನೆ ಬದಲಾದದ್ದು ನಿಜ. ಆದರೆ ಮಾತುಕತೆಯಿಂದ, ಚಿತ್ರ ಅಳಿಸಿ ಓಡಿಹೋದದ್ದರಿಂದಲ್ಲ. ಸುಮಾರು 40 ಮೀಟರ್ ಉದ್ದ, 13 ಮೀಟರ್ ಅಗಲದ ಆ ಕಮಾನು ಚಾವಣಿಯಲ್ಲಿ ಕೊನೆಗೆ ಆದಿಕಾಂಡದ ಒಂಬತ್ತು ದೃಶ್ಯಗಳು, ಏಳು ಪ್ರವಾದಿಗಳು, ಐವರು ಸಿಬಿಲ್ ಎಂಬ ಕಣಿ ಹೇಳುವ ಸ್ತ್ರೀಯರು ಸೇರಿ 300ಕ್ಕೂ ಹೆಚ್ಚು ಮಾನವಾಕೃತಿಗಳು ಮೂಡಿದವು.

ಈ ಚಿತ್ರದಿಂದ ಜನಮನದಲ್ಲಿ ಗಟ್ಟಿಯಾಗಿ ನೆಲೆಸಿದ ಒಂದು ತಪ್ಪು ಕಲ್ಪನೆಯೆಂದರೆ ಮೈಕೆಲೇಂಜೆಲೊ ಅಂಗಾತ ಮಲಗಿ ಚಿತ್ರ ಬರೆದನೆಂಬುದು. ವಾಸ್ತವದಲ್ಲಿ ಅವನು ನಿಂತುಕೊಂಡೇ, ತಲೆಯನ್ನು ಹಿಂದಕ್ಕೆ ಬಾಗಿಸಿ ಕೆಲಸ ಮಾಡಿದ. ಗೆಳೆಯ ಜೊವಾನಿ ದಾ ಪಿಸ್ಟೋಯಾನಿಗೆ ಬರೆದ ಹಾಸ್ಯದ ಸುನೀತವೊಂದರಲ್ಲಿ ತನ್ನ ದೇಹ ಹೇಗೆ ಸೊಟ್ಟಗಾಗಿದೆ ಎಂದು ಗೊಣಗಿ, ಪಕ್ಕದಲ್ಲೇ ಕೈಯೆತ್ತಿ ನಿಂತು ಚಿತ್ರ ಬರೆಯುವ ಮನುಷ್ಯನ ಗೀಚುಚಿತ್ರವನ್ನೂ ಅವನು ಬಿಡಿಸಿದ್ದಾನೆ. ಆ ಹಾಳೆ ಇಂದಿಗೂ ಉಳಿದಿದೆ. ಬ್ರಮಾಂಟೆ ಚಾವಣಿಗೆ ರಂಧ್ರ ಕೊರೆದು ಹಗ್ಗಗಳಿಂದ ತೂಗುಬಿಟ್ಟ ಸಾರುವೆಯನ್ನು ಮೈಕೆಲೇಂಜೆಲೊ ತೆಗೆಸಿ, ತನ್ನದೇ ಸಾರುವೆಯನ್ನು ಕಟ್ಟಿಸಿದನೆಂದು ವಸಾರಿ ಬರೆಯುತ್ತಾನೆ. ಹಗ್ಗ ತೆಗೆದ ಮೇಲೆ ಆ ರಂಧ್ರಗಳನ್ನು ಮುಚ್ಚುವುದು ಹೇಗೆ ಎಂಬ ಅವನ ಪ್ರಶ್ನೆಗೆ ಉತ್ತರವಿರಲಿಲ್ಲವಂತೆ.

ಕೆಲಸದ ಕಷ್ಟವನ್ನು ಮಾತ್ರ ಚಿತ್ರ ಉತ್ಪ್ರೇಕ್ಷಿಸಿಲ್ಲ. ಫ್ರೆಸ್ಕೊ ಎಂಬುದು ಹಸಿಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರ. ಒಂದು ದಿನಕ್ಕೆ ಆಗುವಷ್ಟೇ ಭಾಗಕ್ಕೆ ಸುಣ್ಣದ ಗಾರೆ ಬಳಿದು, ಅದು ಒಣಗುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣ ಗಾಳಿಯೊಡನೆ ಬೆರೆತು ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ತಪ್ಪಾದರೆ ಒರೆಸುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಆರಂಭದಲ್ಲಿ ಬರೆದ ಜಲಪ್ರಳಯದ ದೃಶ್ಯಕ್ಕೆ ಬೂಷ್ಟು ಹಿಡಿದಾಗ ಮೈಕೆಲೇಂಜೆಲೊ ಕೈಚೆಲ್ಲಿ ಕೂತಿದ್ದ. ಗಾರೆಯಲ್ಲಿ ನೀರು ಹೆಚ್ಚಾಗಿದೆಯೆಂದು ತೋರಿಸಿಕೊಟ್ಟವನು ವಾಸ್ತುಶಿಲ್ಪಿ ಜೂಲಿಯಾನೊ ದಾ ಸಂಗಾಲೊ. ಕಲಾವಿದನು ಏಕಾಂಗಿಯಾಗಿ ದುಡಿದನೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಫ್ಲಾರೆನ್ಸಿನಿಂದ ಸಹಾಯಕರು ಬಂದಿದ್ದರು, ಗಾರೆ ಕಲಸುವವರೂ ಬಣ್ಣ ಅರೆಯುವವರೂ ಉದ್ದಕ್ಕೂ ಜೊತೆಗಿದ್ದರು.

ಕೋಲಿನ ಹೊಡೆತ ಕಟ್ಟುಕಥೆಯಲ್ಲ. ಮೈಕೆಲೇಂಜೆಲೊನ ಶಿಷ್ಯನೂ ಜೀವನಚರಿತ್ರೆಕಾರನೂ ಆದ ಕೊಂಡಿವಿ ಅದನ್ನು ಹೇಳಿದ್ದಾನೆ. ಪೋಪ್ ಬಳಿಕ ಹಣ ಕಳುಹಿಸಿ ಸಮಾಧಾನಪಡಿಸಿದನೆಂಬುದನ್ನೂ ಸೇರಿಸಿದ್ದಾನೆ. 1511ರ ಆಗಸ್ಟ್‌ನಲ್ಲಿ ಚಾವಣಿಯ ಮೊದಲ ಭಾಗವನ್ನು ತೋರಿಸಲಾಯಿತು. ಆದಾಮನ ಸೃಷ್ಟಿಯ ದೃಶ್ಯ ಎರಡನೆಯ ಹಂತದ್ದು. ಇಡೀ ಚಾವಣಿ 1512ರ ಅಕ್ಟೋಬರ್ ಕೊನೆಯಲ್ಲಿ ಪೂರ್ಣಗೊಂಡಿತು. ಅದಾಗಿ ನಾಲ್ಕು ತಿಂಗಳೊಳಗೆ ಜೂಲಿಯಸ್ ತೀರಿಕೊಂಡ.

ಕಾಂಟೆಸಿನಾ ಐತಿಹಾಸಿಕ ವ್ಯಕ್ತಿಯೇ. ಲೊರೆಂಜೊ ದೆ ಮೆದಿಚಿಯ ಮಗಳು, 1494ರಲ್ಲಿ ಪಿಯೆರೊ ರಿಡೋಲ್ಫಿಯನ್ನು ಮದುವೆಯಾದವಳು. ಅವಳಿಗೂ ಮೈಕೆಲೇಂಜೆಲೊನಿಗೂ ನಡುವೆ ಪ್ರೇಮವಿತ್ತೆಂಬುದು ಮಾತ್ರ ಕಾದಂಬರಿಯಿಂದ ಬಂದ ಕಲ್ಪನೆ. 1532ರಿಂದ ಪರಿಚಿತನಾದ ಟೊಮಾಸೊ ದೆ ಕವಾಲಿಯೆರಿ ಎಂಬ ತರುಣನನ್ನು ಉದ್ದೇಶಿಸಿ ಮೈಕೆಲೇಂಜೆಲೊ ತೀವ್ರ ಅನುರಾಗದ ಅನೇಕ ಕವಿತೆಗಳನ್ನು ಬರೆದಿದ್ದಾನೆ. 1960ರ ದಶಕದ ಹಾಲಿವುಡ್ ಆ ವಿಷಯದ ಹತ್ತಿರ ಸುಳಿಯಲಿಲ್ಲ. ತನ್ನ ಪ್ರೀತಿಯೆಲ್ಲ ಕಲೆಗೇ ಮೀಸಲು ಎಂಬ ಉತ್ತರವನ್ನು ನಾಯಕನ ಬಾಯಲ್ಲಿ ಇಟ್ಟು ಮುಂದೆ ಸಾಗಿತು. ಎತ್ತರದ ನಿಲುವಿನ, ಅಗಲ ಎದೆಯ ಹೆಸ್ಟನ್‌ರನ್ನು ಆ ಪಾತ್ರಕ್ಕೆ ಆರಿಸಿದ್ದರ ಬಗ್ಗೆ ಎದ್ದ ಆಕ್ಷೇಪಗಳಲ್ಲಿ ಇದೂ ಸೇರಿದೆ.

ಸಮಾಧಿಯ ಕೆಲಸಕ್ಕೆ ಮರಳುವ ಭರವಸೆಯಲ್ಲಿ ಚಿತ್ರ ಮುಗಿಯುತ್ತದೆ. ಇತಿಹಾಸದಲ್ಲಿ ಆ ಭರವಸೆ ಕಹಿಯಾಯಿತು. ಜೂಲಿಯಸ್‌ನ ವಾರಸುದಾರರೊಂದಿಗೆ ಒಪ್ಪಂದದ ಮೇಲೆ ಒಪ್ಪಂದ ಆಗುತ್ತ, ಯೋಜನೆ ಪ್ರತಿ ಸಲವೂ ಕುಗ್ಗುತ್ತ ಹೋಯಿತು. 1545ರಲ್ಲಿ, ಆರಂಭಿಸಿದ ನಲವತ್ತು ವರ್ಷಗಳ ನಂತರ, ರೋಮ್‌ನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಅದರ ಕಿರಿದಾದ ರೂಪ ನಿಂತಿತು. ಅದರ ನಡುವಿನ ಮೋಸೆಸ್ ಶಿಲ್ಪ ಜಗತ್ಪ್ರಸಿದ್ಧ. ಜೂಲಿಯಸ್‌ನ ದೇಹ ಮಾತ್ರ ಅಲ್ಲಿಲ್ಲ. ಅವನನ್ನು ಸಂತ ಪೀಟರ್ ದೇವಾಲಯದಲ್ಲಿ ಹೂಳಲಾಗಿದೆ.

ಬಿಡುಗಡೆ ಮತ್ತು ಪ್ರತಿಕ್ರಿಯೆ

ಚಿತ್ರವು 1965ರ ಅಕ್ಟೋಬರ್ 7ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ವಿಮರ್ಶೆ ಮಿಶ್ರವಾಗಿತ್ತು. ದೃಶ್ಯವೈಭವವನ್ನೂ ಹ್ಯಾರಿಸನ್ ಅಭಿನಯವನ್ನೂ ಮೆಚ್ಚಿದವರು ಕಥೆಯ ನಿಧಾನಗತಿಯನ್ನು, ಉಪನ್ಯಾಸದ ಧಾಟಿಯನ್ನು ಟೀಕಿಸಿದರು. 'ದಿ ಥರ್ಡ್ ಮ್ಯಾನ್' (1949) ಚಿತ್ರದ ಬಿಗಿಯನ್ನು ನೆನಪಿಟ್ಟುಕೊಂಡು ಬಂದವರಿಗೆ ರೀಡ್ ಇಲ್ಲಿ ಅಪರಿಚಿತರಾಗಿ ಕಂಡದ್ದು ಸಹಜ. ಗಲ್ಲಾಪೆಟ್ಟಿಗೆಯಲ್ಲಿಯೂ ಚಿತ್ರ ನಿರೀಕ್ಷೆ ಮುಟ್ಟಲಿಲ್ಲ. ಅದೇ ವರ್ಷ ಅದೇ ಸಂಸ್ಥೆಯ 'ದಿ ಸೌಂಡ್ ಆಫ್ ಮ್ಯೂಸಿಕ್' ಅಪಾರ ಯಶಸ್ಸು ಗಳಿಸಿತ್ತು.

ವರ್ಣಚಿತ್ರ ವಿಭಾಗದ ಛಾಯಾಗ್ರಹಣ, ಕಲಾನಿರ್ದೇಶನ ಮತ್ತು ವಸ್ತ್ರವಿನ್ಯಾಸ, ಜೊತೆಗೆ ಸಂಗೀತ, ಶಬ್ದಗ್ರಹಣ, ಹೀಗೆ ಐದು ಆಸ್ಕರ್ ನಾಮನಿರ್ದೇಶನಗಳು ದೊರೆತರೂ ಪ್ರಶಸ್ತಿ ಒಂದೂ ಬರಲಿಲ್ಲ. ಮೊದಲ ನಾಲ್ಕನ್ನು 'ಡಾಕ್ಟರ್ ಝಿವಾಗೊ' ಪಡೆಯಿತು, ಶಬ್ದಗ್ರಹಣದ ಪ್ರಶಸ್ತಿ 'ದಿ ಸೌಂಡ್ ಆಫ್ ಮ್ಯೂಸಿಕ್' ಪಾಲಾಯಿತು. ಹ್ಯಾರಿಸನ್ ಗೋಲ್ಡನ್ ಗ್ಲೋಬ್‌ಗೆ ನಾಮನಿರ್ದೇಶನಗೊಂಡಿದ್ದರು.

ಚಿತ್ರ ತಯಾರಾದ ಕಾಲದಲ್ಲಿ ಮೂಲ ಚಾವಣಿಯ ಮೇಲೆ ಶತಮಾನಗಳ ಮೇಣದಬತ್ತಿಯ ಹೊಗೆ, ಧೂಳು, ಹಿಂದಿನವರು ಬಳಿದಿದ್ದ ಅಂಟು ಪದರಗಟ್ಟಿದ್ದವು. ಮೈಕೆಲೇಂಜೆಲೊ ಮಂಕುಬಣ್ಣಗಳ ಚಿತ್ರಕಾರನೆಂದೇ ಆಗ ಬಹುಮಂದಿ ತಿಳಿದಿದ್ದರು. 1980ರಲ್ಲಿ ಆರಂಭವಾದ ಶುದ್ಧೀಕರಣ ಕಾರ್ಯ ಆ ಪದರವನ್ನು ತೆಗೆದಾಗ ಎಳೆ ಹಸಿರು, ಗುಲಾಬಿ, ಕಿತ್ತಳೆ, ತಿಳಿನೇರಳೆ ಬಣ್ಣಗಳು ಹೊರಬಂದವು. ಇದರಿಂದ ಮೂಲದ ನೆರಳಿನ ಸೂಕ್ಷ್ಮತೆಯೂ ಹೋಯಿತೆಂದು ಕೆಲವು ಕಲಾ ಇತಿಹಾಸಕಾರರು ವಾದಿಸಿದರು. ಆ ವಿವಾದ ಬಹುಕಾಲ ನಡೆಯಿತು. ಹೀಗಾಗಿ ಹೆಸ್ಟನ್ ಕುಂಚ ಆಡಿಸುವ ಸ್ಟುಡಿಯೊದ ಚಾವಣಿ, ಶುದ್ಧೀಕರಣಕ್ಕೆ ಮೊದಲು ಜಗತ್ತು ಕಂಡಿದ್ದ ಸಿಸ್ಟೈನ್ ಚಾಪೆಲನ್ನು ಆಧರಿಸಿದ್ದು.